ಷರಾ

ಅಂತರಸನಹಳ್ಳಿಯಿಂದ ಹಿರೇಹಳ್ಳಿಗೆ, ಬೈಪಾಸಿನ ಮೇಲೆ,
ನನ್ನ ಲಗೇಜು ಆಟೋಗೆ ಮುಕ್ಕಾಲು ಗಂಟೆ.
ಒಂದು ಷೆಡ್ಡಿನ ಮಾಲು ಇನ್ನೊಂದು ಷೆಡ್ಡಿಗೆ.
ಜೊತೆಗೆ ಚಲನ್ನು: ಬಿಳಿ, ಗುಲಾಬಿ, ಹಳದಿ.
ತಾರೀಖು, ಮಾಲು, ನಗ, ಎಲ್ಲಿಂದ, ಎಲ್ಲಿಗೆ, ಷರಾ.
ಷರಾ ಎಂಬ ಮನೆ ಹನ್ನೊಂದು ವರ್ಷದಿಂದ ಖಾಲಿ.

ಹುಣಸೆಹಣ್ಣಿನ ಬೀಜ ಬಿಡಿಸುವ ಮಿಷನ್ನು
ಯಾರು ಕಂಡುಹಿಡಿದದ್ದು ಅಂತ
ಮೊನ್ನೆ ಇನ್‌ಷರ್ಟು ಮಾಡಿದ ಹುಡುಗನೊಬ್ಬ ಕೇಳಿದ.
ಅವನ ಅರ್ಜಿಯಲ್ಲಿ ಹೆಸರಿಗೆ ಒಂದೇ ಗೆರೆ.
ನನಗೆ ನಗು ಬಂತು.
ಯಾವ ಟ್ರಿಪ್ಪಿನಿಂದ ಹೇಳಲಿ?

ಜಬೀವುಲ್ಲಾ ಸಾಹೇಬರು ಬೀಡಿನ ಉರುಳೆ ಎರಕ ಹೊಯ್ದರು.
ನಡುವೆ ಹಣ್ಣು ಹಾಕಿದರೆ
ಬೀಜ, ನಾರು, ತಿರುಳು ಒಂದಾಗಿ
ಕೆಳಗೆ ಬಿದ್ದದ್ದು ಚಟ್ನಿ.
ಆರು ತಿಂಗಳು ಚಟ್ನಿ.
ಉರುಳೆ ನುಣುಪು ಮಾಡಿದರು, ಹಲ್ಲು ಕೊರೆದರು,
ಕೊನೆಗೆ ಮಿಷನ್ನಿಗೆ ಗೋಣಿ ಹೊದಿಸಿ
ಚರಂಡಿ ಮುಚ್ಚಳಗಳಿಗೆ ಮರಳಿದರು.

ಆವತ್ತು ಡೀಸೆಲ್ಲು ಎರಡು ರೂಪಾಯಿ ಏರಿತ್ತು.
ಎರಡು ಟ್ರಿಪ್ಪು ಒಂದು ಮಾಡಿದೆ, ನನ್ನ ತಪ್ಪು ಅಷ್ಟೇ.
ಮುಚ್ಚಳ ತುಂಬಿಕೊಳ್ಳಲು ಹೋದಾಗ
ಗಾಡಿಯ ಹಿಂದೆ ಮೊದಲೇ ಕೂತಿದ್ದವು
ಶಿರಾದ ರೈಸ್‌ಮಿಲ್ಲಿಗೆ ಹೊರಟ ಎರಡು ರಬ್ಬರು ಉರುಳೆ,
ಪಂಚಾಕ್ಷರಯ್ಯನವರ ಕಾರ್ಖಾನೆಯವು.
ಸಾಹೇಬರು ಉಗುರು ಒತ್ತಿದರು.
ರಬ್ಬರು ತಗ್ಗಿತು, ಮತ್ತೆ ಎದ್ದಿತು.
'ಇದು ಯಾರದ್ದಪ್ಪ?'
ಆ 'ಯಾರದ್ದಪ್ಪ'ಕ್ಕೆ ಚಲನ್ನಿಲ್ಲ.

ಆಮೇಲೆ ನನಗೆ ಪುರಸೊತ್ತಿಲ್ಲ.
ರಬ್ಬರು ಹಿರೇಹಳ್ಳಿಯಿಂದ,
ಗೇರು ಸತ್ಯಮಂಗಲದ ಕಾಂತಮಣಿಯವರಿಂದ,
ಪ್ರಯೋಗಕ್ಕೆ ಎರಡು ಮೂಟೆ ಹಣ್ಣು ಮಂಡಿಯಿಂದ, ಸಾಲ.
ಎರಡೂ ಉರುಳೆ ಒಂದೇ ವೇಗಕ್ಕೆ ತಿರುಗಬಾರದು ಅಂದದ್ದು
ನಮ್ಮತ್ತೆ ಸಿದ್ದಗಂಗಮ್ಮ,
ಮಂಡಿಯ ಹಿಂದೆ ಮೂವತ್ತು ವರ್ಷ ಸುತ್ತಿಗೆ ಹಿಡಿದು ಕೂತವಳು:
'ಬರೀ ಕುಟ್ಟಿದ್ರೆ ಬೀಜ ಬರಲ್ಲ ಕಣಪ್ಪ.
ಒಂದ್ ಬೆಳ್ಳು ಹಿಡ್ಕಬೇಕು, ಇನ್ನೊಂದ್ ಬೆಳ್ಳು ನೂಕ್ಬೇಕು.'
ಮುದ್ದೆ ಮುರಿಯುತ್ತಾ ಅಂದದ್ದು.
ಮಾರನೆ ದಿನ ಸತ್ಯಮಂಗಲದಲ್ಲಿ ನಾನು ಅಂದೆ.
ಕಾಂತಮಣಿ ಮಿಷನ್ನು ನಿಲ್ಲಿಸಿ
ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದರು:
ಒಂದಕ್ಕೆ ಹದಿನೇಳು ಹಲ್ಲು, ಇನ್ನೊಂದಕ್ಕೆ ಹತ್ತೊಂಬತ್ತು.
ಅತ್ತೆಗೆ ಇದು ಗೊತ್ತಿಲ್ಲ.
ಸುತ್ತಿಗೆ ಈಗ ಬಾಗಿಲು ಬಡಿದುಕೊಳ್ಳದಂತೆ ಅಡ್ಡ ಇದೆ.
ಈ ಸಲ ಕೂಲಿಗೆ ಯಾಕೆ ಕರೀಲಿಲ್ಲ ಅಂತ
ನನ್ನನ್ನೇ ಕೇಳುತ್ತಾಳೆ.

ಹಣ್ಣು ಹಣ್ಣಾಗಿ, ಬೀಜ ಬೀಜವಾಗಿ ಬಿದ್ದ ದಿನ
ಮೂರು ಷೆಡ್ಡಿನವರೂ ಟೀ ಅಂಗಡಿಯಲ್ಲಿ ಜಗಳವಾಡಿದರು,
ಯಾರು ದುಡ್ಡು ಕೊಡಬೇಕು ಅಂತ.

ವರ್ಷ ತುಂಬಿರಲಿಲ್ಲ. ಸಾಹೇಬರ ಭಾವಮೈದುನ
ಪೀಣ್ಯದ ಕಂಪನಿಯೊಂದರ ಇಪ್ಪತ್ತೆರಡು ಪುಟದ ಕರಾರಿಗೆ ಸಹಿ ಹಾಕಿಸಿದ.
ಗೇಟು ಬಂತು. ಗೇಟಿಗೊಂದು ಸೀಟಿ ಬಂತು.
'ಮಾಲು ಇಲ್ಲೇ ಇಳಿಸು, ಒಳಗೆ ಹೋಗಂಗಿಲ್ಲ.'
ಮಿಷನ್ನಿಗೆ ಸ್ಟೀಲಿನ ಕವಚ, ನೀಲಿ ಲೈಟು,
ರಬ್ಬರು ಎಲ್ಲಿಂದಲೋ.

ಶ್ರಾವಣದ ತಂಪಿಗೆ ಹಣ್ಣು ಜಿಗಟಾಯಿತು.
ನೀಲಿ ಲೈಟು ಉರಿಯುತ್ತಲೇ ಉರುಳೆ ಕಚ್ಚಿಕೊಂಡು ನಿಂತಿತು.
ಹಿರೇಹಳ್ಳಿಯಲ್ಲಿ ಪಂಚಾಕ್ಷರಯ್ಯ
ಆಗಲೇ ರಬ್ಬರಿನ ಹದ ಬದಲಿಸಿದ್ದರು,
ಚಿಟಿಕೆ ಏನೋ ಬೆರೆಸಿ, ಬೇರೆ ಯಾರದೋ ಆರ್ಡರಿಗೆ.
ಕೇಳಿದವರಿಲ್ಲ, ಹೇಳಿದವರಿಲ್ಲ.
ನಾನು ಹೇಳಬಹುದಿತ್ತು.
ಗೇಟಿನ ರಿಜಿಸ್ಟರಿನಲ್ಲಿ ಗಾಡಿ ನಂಬರಿಗೆ ಜಾಗವಿತ್ತು,
ಬಂದ ಹೊತ್ತಿಗೆ, ಹೋದ ಹೊತ್ತಿಗೆ.
ಮಾತಿಗೆ ಇರಲಿಲ್ಲ.

ನಿನ್ನೆ ಸಂಜೆ ಕರೆಂಟು ಹೋಗಿತ್ತು.
ಸಾಹೇಬರು ಬೀಡಿ ಹಚ್ಚಲು ಗೇಟು ದಾಟಿ ಬಂದರು.
ನನ್ನ ಗಾಡಿಯ ಹಿಂದೆ ಯಾರಿಗೋ ಹೋಗುವ ಉರುಳೆ ಮೂರು.
ಮಾತಾಡಲಿಲ್ಲ. ಟಾರ್ಪಾಲು ಸರಿಸಿದರು.
ಉಗುರು ಒತ್ತಿದರು. ಮೂಸಿದರು.
ನಾನು ದೇವರಾಯನದುರ್ಗದ ಕಡೆ ನೋಡುತ್ತಾ ನಿಂತೆ,
ಅಲ್ಲೇನೂ ಇರಲಿಲ್ಲ, ಬರೀ ಮೋಡ.

ಅವರು ಹೋದ ಮೇಲೆ ಹಳದಿ ಹಾಳೆ ತೆಗೆದೆ.
ಮಾಲು: ಉರುಳೆ. ನಗ: ಮೂರು.
ಷರಾ: ದಾರಿಯಲ್ಲಿ ಒಬ್ಬರು ಮುಟ್ಟಿ ನೋಡಿದರು.